ದಾಳ ಉರುಳಿದರೆ ತೋಳ: ಆಟದ ಕಾಡಿನ ಬಗ್ಗೆ ಒಂದು ತಕರಾರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವರ ನಡುವೆ ಈಗ ಒಂದು ಮಾತು ವೇದವಾಕ್ಯದಂತೆ ಓಡಾಡುತ್ತಿದೆ: ಕಾಡಿನ ಪ್ರಯಾಣವನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡಿ. 'ನಾಲ್ಕು ದಿನ ಕಾಡಿನಲ್ಲಿ ನಡೆದಿರಿ, ಐದನೇ ದಿನ ಕೋಟೆ ಕಂಡಿತು' ಎಂದು ಹೇಳಿ ಮುಂದಕ್ಕೆ ಹೋಗಿ, ಯಾಕೆಂದರೆ ಕಥೆ ಇರುವುದು ಕೋಟೆಯಲ್ಲಿ. ಅಷ್ಟಕ್ಕೆ ಮನಸ್ಸು ಒಪ್ಪದವರು ಇನ್ನೊಂದು ದಾರಿ ಹಿಡಿಯುತ್ತಾರೆ. ದಿನಕ್ಕೊಂದು ಸಲ ದಾಳ ಉರುಳಿಸುತ್ತಾರೆ, ಪಟ್ಟಿ ನೋಡುತ್ತಾರೆ, ಆರು ತೋಳಗಳು ಬರುತ್ತವೆ, ಮುಕ್ಕಾಲು ಗಂಟೆ ಹೊಡೆದಾಟ ನಡೆಯುತ್ತದೆ, ತೋಳಗಳು ಸಾಯುತ್ತವೆ, ಕೋಟೆ ಬರುತ್ತದೆ. ಎರಡೂ ಪದ್ಧತಿಗಳು ಒಂದೇ ನಂಬಿಕೆಯಿಂದ ಹುಟ್ಟಿದವು: ಕಾಡೆಂದರೆ ಎರಡು ಮುಖ್ಯ ಜಾಗಗಳ ನಡುವೆ ಸುಮ್ಮನೆ ಬಿದ್ದಿರುವ ಖಾಲಿ ನೆಲ. ಈ ನಂಬಿಕೆ ಆಟದ ಲೆಕ್ಕದಲ್ಲೇ ತಪ್ಪು. ಕನ್ನಡದಲ್ಲಿ ಕಥೆ ಕೇಳಿ ಬೆಳೆದವರು ಇದನ್ನು ಒಪ್ಪಿಕೊಂಡು ಕೂತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಬ್ಬರು ಲೋಕವೊಂದನ್ನು ಕಟ್ಟಿ ಹೇಳುತ್ತಾ ಹೋಗುತ್ತಾರೆ. ಅವರನ್ನು ಡಿಎಂ ಎನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ ಹೊತ್ತು ಆ ಲೋಕದಲ್ಲಿ ನಡೆಯುತ್ತಾರೆ, ಮಾತಾಡುತ್ತಾರೆ, ಕಾದಾಡುತ್ತಾರೆ. ಮಾಡಹೊರಟದ್ದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನ ಹೇಳುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಾಗುವುದುಂಟು. ಅದಕ್ಕೆ ಕ್ಯಾಂಪೇನ್ ಎಂದು ಹೆಸರು. ನಾನು ಅತ್ತಿಗುಪ್ಪೆಯಲ್ಲಿ ಇಂಥ ಕ್ಯಾಂಪೇನ್ ಆಡಿಸುತ್ತೇನೆ. ಮೇಜಿನ ಸುತ್ತ ಕೂರುವವರ ಮನೆತನಗಳು ಮಾಗಡಿ, ಹಾಸನ, ತೀರ್ಥಹಳ್ಳಿ, ಚಾಮರಾಜನಗರದ ಕಡೆಯವು. ಬೇಸಿಗೆ ರಜೆಗೆ ಊರಿಗೆ ಹೋದಾಗ ಇವರೆಲ್ಲ ಕಾಡಿನ ಅಂಚನ್ನಾದರೂ ಮೆಟ್ಟಿ ಬಂದವರೇ. ಆದರೆ ಆಟದಲ್ಲಿ 'ಕಾಡು' ಎಂದ ಕೂಡಲೇ ಇವರ ಕಣ್ಣೆದುರು ನಿಲ್ಲುವುದು ಓಕ್ ಮರ, ಹಿಮ, ಮುಸುಕು ಹೊದ್ದ ಬಿಲ್ಲುಗಾರ, ತೋಳ. ನೀರೆಲ್ಲಿದೆ, ಯಾವ ಕಾಲ, ದಾರಿ ಯಾರದ್ದು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಬೇಕೆಂದು ಅವರಿಗೆ ಆಟ ಕಲಿಸಿದವರು ಯಾರೂ ಹೇಳಿಕೊಟ್ಟಿಲ್ಲ.

'ದಾಳ ಎಸೆದು ಮೃಗಗಳನ್ನು ಕರೆಸುವುದು ಈ ಆಟದ ಸಂಪ್ರದಾಯ' ಎಂದು ವಾದಿಸುವವರಿದ್ದಾರೆ. ಸಂಪ್ರದಾಯದ ಮಾತು ಬಂದಿದ್ದರಿಂದ ಮೂಲಕ್ಕೇ ಹೋಗೋಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಆವೃತ್ತಿ ಮೂರು ಪುಟ್ಟ ಪುಸ್ತಕಗಳದ್ದು. ಮೂರನೆಯ ಪುಸ್ತಕದ ಹೆಸರಿನಲ್ಲೇ ನೆಲಮಾಳಿಗೆಯ ಪಕ್ಕದಲ್ಲಿ ಕಾಡುಮೇಡಿಗೂ ಜಾಗವಿತ್ತು. ಅವಲಾನ್ ಹಿಲ್ ಕಂಪನಿಯ ಔಟ್‌ಡೋರ್ ಸರ್ವೈವಲ್ ಎಂಬ ಬೋರ್ಡ್ ಆಟದ ನಕ್ಷೆಯನ್ನು ಹಾಸಿಕೊಂಡು ಕಾಡು ಸುತ್ತಿ ಎಂದು ಆ ಪುಸ್ತಕ ಸೂಚಿಸಿತ್ತು. ದಾರಿ ತಪ್ಪಿದವರು ಹಸಿವು ಬಾಯಾರಿಕೆಗಳನ್ನು ದಾಟಿ ಬದುಕಿ ಬರುವುದೇ ಆ ಬೋರ್ಡ್ ಆಟದ ವಸ್ತು. ಇನ್ನೂ ಮುಖ್ಯವಾದದ್ದು ಇನ್ನೊಂದಿದೆ. ಏನೋ ಎದುರಾಯಿತು ಎಂದು ದಾಳ ಹೇಳಿದ ಮೇಲೆ, ಎದುರಾದದ್ದರ ಮನಸ್ಸು ಹೇಗಿದೆ ಎಂದು ತಿಳಿಯಲು ಇನ್ನೆರಡು ದಾಳ ಉರುಳಿಸಬೇಕಿತ್ತು. ಕಡಿಮೆ ಬಿದ್ದರೆ ಹಗೆ, ಹೆಚ್ಚು ಬಿದ್ದರೆ ಒಲವು, ನಡುವೆ ಬಿದ್ದರೆ ಅನಿಶ್ಚಯ. ಮೊದಲ ಕಾಲದ ಆಟಗಾರರಿಗೆ ಅನುಭವದ ಅಂಕ ಹೆಚ್ಚಾಗಿ ಸಿಗುತ್ತಿದ್ದುದು ಕೊಂದ ಲೆಕ್ಕಕ್ಕಲ್ಲ, ಹೊತ್ತು ತಂದ ನಿಧಿಗೆ. ದಾರಿಯಲ್ಲಿ ಸಿಕ್ಕವರ ಜೊತೆ ಕಾದಾಡುವುದು ಅವರ ಪಾಲಿಗೆ ನಷ್ಟ; ಮಾತಾಡುವುದು, ಬಳಸಿ ಹೋಗುವುದು, ಏನಾದರೂ ಕೊಟ್ಟು ದಾರಿ ಕೇಳುವುದು ಜಾಣತನ. ಈ ಅರ್ಧವನ್ನು ಕೈಬಿಟ್ಟು ಮೃಗಗಳ ಪಟ್ಟಿಯೊಂದನ್ನೇ ಉಳಿಸಿಕೊಂಡು ಅದನ್ನು ಸಂಪ್ರದಾಯ ಎನ್ನುವುದು ಸರಿಯಲ್ಲ.

2014ರ ಐದನೇ ಆವೃತ್ತಿಯ ನಿಯಮಗಳಲ್ಲಂತೂ ಆ ಹೊಡೆದಾಟಕ್ಕೆ ಅರ್ಥವೇ ಉಳಿದಿರಲಿಲ್ಲ. ಆ ಆವೃತ್ತಿಯ ಡಿಎಂ ಕೈಪಿಡಿಯ ಲೆಕ್ಕದಂತೆ ಒಂದು ತಂಡ ಒಂದೇ ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಮುಖಾಮುಖಿಗಳನ್ನು ತಾಳಬಲ್ಲದು. ಒಂದು ರಾತ್ರಿ ಎಂಟು ಗಂಟೆ ಮಲಗಿ ಎದ್ದರೆ ಗಾಯ ಮಾಯ, ಮಂತ್ರಗಳೆಲ್ಲ ವಾಪಸ್. ಕಾಡಿನಲ್ಲಿ ದಿನಕ್ಕೊಂದೇ ಹೊಡೆದಾಟ ನಡೆದರೆ ಯಾರಿಗೆ ಏನು ಕಳೆಯುತ್ತದೆ? ಗುಡ್‌ಬೆರಿ ಎಂಬ ಮೊದಲ ಹಂತದ ಮಂತ್ರ ಹಾಕಿದರೆ ಹತ್ತು ಹಣ್ಣು ಹುಟ್ಟುತ್ತವೆ, ಒಂದು ಹಣ್ಣು ಒಂದು ದಿನದ ಊಟಕ್ಕೆ ಸಾಕು. ತಂಡದಲ್ಲಿ ಕಾಡನ್ನು ನೆಚ್ಚಿನ ನೆಲವಾಗಿ ಆರಿಸಿಕೊಂಡ ರೇಂಜರ್ ಎಂಬ ಪಾತ್ರವಿದ್ದರೆ, ಮಾಯೆ ಅಡ್ಡ ಬಂದರೆ ಹೊರತು ದಾರಿಯೂ ತಪ್ಪುವುದಿಲ್ಲ. ಹಸಿವಿಲ್ಲ, ದಾರಿ ತಪ್ಪುವ ಭಯವಿಲ್ಲ, ಗಾಯ ಬೆಳಗಿನವರೆಗೂ ಉಳಿಯುವುದಿಲ್ಲ. ಹೀಗಿರುವಾಗ ತೋಳಗಳ ಜೊತೆಗಿನ ಮುಕ್ಕಾಲು ಗಂಟೆ ಬೇಸರ ತರುತ್ತದೆ ಎನ್ನುವವರ ದೂರು ನ್ಯಾಯವಾದದ್ದೇ. ನನ್ನ ಜಗಳ ಆ ದೂರಿನಿಂದ ಅವರು ತೆಗೆಯುವ ತೀರ್ಮಾನದ ಜೊತೆ. ಬೇಸರ ತಂದದ್ದು ಕಾಡಲ್ಲ. ಆ ತೋಳಗಳಿಗೆ ಅಲ್ಲಿರಲು ಒಂದು ಕಾರಣವಿರಲಿಲ್ಲ, ಅವು ಬಂದದ್ದರಿಂದ ಮುಂದಿನ ಕಥೆಯಲ್ಲಿ ಒಂದು ಕಡ್ಡಿಯೂ ಅಲುಗಲಿಲ್ಲ. ಬೇಸರ ಹುಟ್ಟಿದ್ದು ಅಲ್ಲಿ.

ದಾಳಕ್ಕೂ ಕಾಡಿಗೂ ನಮ್ಮಲ್ಲಿ ಬಹಳ ಹಳೆಯ ನಂಟಿದೆ. ಪಗಡೆಯಲ್ಲಿ ಸೋತು ಪಾಂಡವರು ಹನ್ನೆರಡು ವರ್ಷದ ವನವಾಸಕ್ಕೆ ಹೋದರು. 'ಹನ್ನೆರಡು ವರ್ಷ ಕಾಡಿನಲ್ಲಿದ್ದು ಆಮೇಲೆ ವಿರಾಟನ ಊರಿಗೆ ಬಂದರು' ಎಂದು ಕುಮಾರವ್ಯಾಸ ಒಂದು ಷಟ್ಪದಿಯಲ್ಲಿ ಮುಗಿಸಬಹುದಿತ್ತು. ಯುದ್ಧ ಇರುವುದು ಕುರುಕ್ಷೇತ್ರದಲ್ಲಿ ತಾನೆ? ಅವನು ಇಡೀ ಅರಣ್ಯಪರ್ವ ಬರೆದ. ಅದರೊಳಗಿನ ಭೇಟಿಗಳನ್ನು ಡಿಎಂ ಆಗಿ ಓದಿ ನೋಡಿ. ಅರ್ಜುನ ಇಂದ್ರಕೀಲದಲ್ಲಿ ತಪಸ್ಸಿಗೆ ಕೂತಿದ್ದಾನೆ. ಹಂದಿಯೊಂದು ನುಗ್ಗಿ ಬರುತ್ತದೆ, ಬಾಣ ಬಿಡುತ್ತಾನೆ. ಅದೇ ಹೊತ್ತಿಗೆ ಇನ್ನೊಂದು ಬಾಣವೂ ತಾಕುತ್ತದೆ. ಎದುರಿಗೆ ನಿಂತವನು ಒಬ್ಬ ಬೇಡ. ಹಂದಿ ಯಾರದ್ದು? ಜಗಳದ ಮೂಲ ಬೇಟೆಯ ಹಕ್ಕು, ಕಾಡಿನೊಳಗಿನ ಒಂದು ಕಟ್ಟಳೆಯ ಪ್ರಶ್ನೆ. ಅರ್ಜುನನ ಬಾಣಗಳೆಲ್ಲ ಬರಿದಾಗುತ್ತವೆ, ಬರಿಗೈಯ ಮಲ್ಲಯುದ್ಧದಲ್ಲೂ ಸೋಲುತ್ತಾನೆ. ಎದುರಾಳಿ ಯಾರೆಂದು ತಿಳಿಯುವುದು ಸೋತ ಮೇಲೆ, ಪಾಶುಪತಾಸ್ತ್ರ ಸಿಗುವುದು ಆ ಸೋಲಿನಿಂದಲೇ. ಯಕ್ಷಗಾನದಲ್ಲಿ ಈ ಪ್ರಸಂಗವನ್ನು ಇಂದಿಗೂ ರಾತ್ರಿಯಿಡೀ ನೋಡುತ್ತಾರೆ. 'ಕಾಡಿನ ಭಾಗ ಬಿಟ್ಟು ಮುಂದೆ ಹೋಗಿ' ಎಂದು ಭಾಗವತರಿಗೆ ಯಾರೂ ಹೇಳುವುದಿಲ್ಲ.

ಸೌಗಂಧಿಕಾ ಹೂವಿಗೆ ಹೊರಟ ಭೀಮನದು ಇನ್ನೂ ಸೊಗಸಾದ ಯೋಜನೆ. ತಂಡದ ಅತಿ ಬಲಶಾಲಿ ಒಬ್ಬನೇ ಹೊರಟಿದ್ದಾನೆ. ದಾರಿಗೆ ಅಡ್ಡವಾಗಿ ಮುದಿ ಕೋತಿಯೊಂದು ಮಲಗಿದೆ. ಬಾಲ ಸರಿಸಿ ಹೋಗು ಎನ್ನುತ್ತದೆ. ಬಕನನ್ನೂ ಹಿಡಿಂಬನನ್ನೂ ಕೊಂದ ತೋಳಿಗೆ ಬಾಲವೊಂದು ಅಲುಗುವುದಿಲ್ಲ. ಅದು ಅಣ್ಣ ಹನುಮಂತ ಎಂದು ತಿಳಿದ ಮೇಲೆ ಮಾತು ಬೇರೆಯೇ ಆಗುತ್ತದೆ. ಪಾತ್ರದ ಅತಿ ದೊಡ್ಡ ಶಕ್ತಿಯನ್ನು ಒಂದು ಗಳಿಗೆ ನಿರುಪಯೋಗಿ ಮಾಡಿ, ಆ ಪಾತ್ರ ಆಗ ಏನಾಗುತ್ತದೆ ಎಂದು ನೋಡುವ ಇಂಥ ಭೇಟಿಯನ್ನು ಯಾವ ಪಟ್ಟಿಯ ದಾಳವೂ ಎತ್ತಿ ಕೊಡಲಾರದು. ವನವಾಸದ ಕೊನೆಯ ಯಕ್ಷಪ್ರಶ್ನೆಯೂ ಅಷ್ಟೆ. ಶುರುವಾಗುವುದು ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆಯೊಂದು ಕೊಂಬಿಗೆ ಸಿಕ್ಕಿಸಿಕೊಂಡು ಓಡಿತೆಂಬ ಚಿಕ್ಕ ಕೆಲಸದಿಂದ. ಅಟ್ಟಿಸಿಕೊಂಡು ಹೋಗಿ ದಾಹ. ಒಂದು ಕೊಳ, ಕೊಳಕ್ಕೊಬ್ಬ ಒಡೆಯ, ಒಂದು ಷರತ್ತು. ಷರತ್ತು ಮೀರಿದ ನಾಲ್ವರು ಬೀಳುತ್ತಾರೆ. ಕೊನೆಗೆ ಬದುಕಿಸಿಕೊಳ್ಳಲು ಒಬ್ಬನನ್ನು ಆರಿಸು ಎಂದಾಗ ಧರ್ಮರಾಯ ಭೀಮಾರ್ಜುನರನ್ನು ಬಿಟ್ಟು ನಕುಲನ ಹೆಸರು ಹೇಳುತ್ತಾನೆ. ನೀರು, ಒಡೆತನ, ಷರತ್ತು, ಬೆಲೆ: ಕಾಡಿನ ಭೇಟಿಗೆ ಬೇಕಾದದ್ದೆಲ್ಲ ಅದರಲ್ಲಿದೆ, ಕತ್ತಿಯೊಂದನ್ನು ಬಿಟ್ಟು.

ಹಿಡಿಂಬೆಯ ಕಥೆಯನ್ನು ಬೇಕೆಂದೇ ಬೇರೆಯಾಗಿ ಹೇಳುತ್ತಿದ್ದೇನೆ. ಡಿ ಅಂಡ್ ಡಿಯ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ 'ರಾಕ್ಷಸ' ಎಂಬ ಹೆಸರಿನ ಜೀವಿಯಿದೆ: ಹುಲಿಯ ತಲೆ, ಹಿಂದುಮುಂದಾದ ಅಂಗೈ, ಮೈತುಂಬ ಕೇಡು. ನಮ್ಮ ಹುಡುಗರು ಅದನ್ನು ಹಾಗೆಯೇ ಎತ್ತಿಕೊಂಡು ಕಾಡಿನಲ್ಲಿ ನಿಲ್ಲಿಸುತ್ತಾರೆ, ಕೊಲ್ಲುತ್ತಾರೆ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರಿಗೆ ಕಾಡಿನಲ್ಲಿ ರಾಕ್ಷಸ ಒಡಹುಟ್ಟಿದವರಿಬ್ಬರು ಎದುರಾದಾಗ ಆದದ್ದೇ ಬೇರೆ. ಅಣ್ಣ ಹಿಡಿಂಬ ಸತ್ತ. ತಂಗಿ ಹಿಡಿಂಬೆ ಕುಂತಿಯ ಸೊಸೆಯಾದಳು. ಅವಳ ಮಗ ಘಟೋತ್ಕಚ ಎಷ್ಟೋ ವರ್ಷದ ಮೇಲೆ ಕುರುಕ್ಷೇತ್ರದಲ್ಲಿ ಕರ್ಣನ ಶಕ್ತ್ಯಾಯುಧವನ್ನು ಎದೆಗೆ ತೆಗೆದುಕೊಂಡು ಅರ್ಜುನನನ್ನು ಉಳಿಸಿದ. ಕ್ಯಾಂಪೇನಿನ ಮೊದಲ ತಿಂಗಳಲ್ಲಿ ನಡೆದ ಒಂದು ಕಾಡಿನ ಭೇಟಿ ಕೊನೆಯ ಯುದ್ಧದ ಫಲವನ್ನು ತಿರುಗಿಸಿತು. ಆ ರಾತ್ರಿ ಡಿಎಂ 'ಕಾಡು ದಾಟಿದಿರಿ, ಏಕಚಕ್ರಪುರ ಬಂತು' ಎಂದಿದ್ದರೆ ಘಟೋತ್ಕಚ ಹುಟ್ಟುತ್ತಲೇ ಇರಲಿಲ್ಲ. ಅಷ್ಟೇಕೆ, ಶಾಲೆಯ ಮಕ್ಕಳೆಲ್ಲ ಕಲಿತ ಗೋವಿನ ಹಾಡನ್ನೇ ನೆನೆಯಿರಿ. ಹುಲಿ, ಹಸು, ಕಾಡುದಾರಿ. ಇಡೀ ಭೇಟಿ ನಿಂತಿರುವುದು ಒಂದು ಭಾಷೆ ಕೊಟ್ಟು ಉಳಿಸಿಕೊಳ್ಳುವುದರ ಮೇಲೆ, ಸಾಯುವುದು ಹುಲಿ.

'ಅದೆಲ್ಲ ಪುರಾಣ, ನಮ್ಮದು ತಂಡದ ಸಾಹಸ' ಎನ್ನುವವರಿಗೆ ತೇಜಸ್ವಿಯವರ 'ಕರ್ವಾಲೊ' ಇದೆ. 1980ರ ಆ ಕಾದಂಬರಿಗಿಂತ ಒಳ್ಳೆಯ ತಂಡ ಕನ್ನಡದಲ್ಲಿ ಇನ್ನೊಂದಿಲ್ಲ. ವಿಜ್ಞಾನಿ ಕರ್ವಾಲೊ, ಲೋಕದ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣ, ಕ್ಯಾಮೆರಾ ಹಿಡಿದ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಯಂಗ್ಟ, ನಾಯಿ ಕಿವಿ, ಜೊತೆಗೆ ಕಥೆ ಹೇಳುವ ರೈತ. ಹುಡುಕುತ್ತಿರುವುದು ಒಂದು ಹಾರುವ ಓತಿಯನ್ನು. ಈ ತಂಡದಲ್ಲಿ ಕಾಡನ್ನು ಓದಬಲ್ಲವನು ಮಂದಣ್ಣ. ಡಾಕ್ಟರೇಟ್ ಇದ್ದವರು ಅವನ ಹಿಂದೆ ನಡೆಯುತ್ತಾರೆ. ಕೊನೆಗೆ ಓತಿ ಕಾಣುತ್ತದೆ, ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆ. ಯಾರನ್ನೂ ಕೊಲ್ಲಲಿಲ್ಲ, ಏನನ್ನೂ ತರಲಿಲ್ಲ. ಆ ಕೊನೆಯ ಪುಟಗಳನ್ನು ಓದಿ ಮೈ ಜುಮ್ಮೆನ್ನದ ಕನ್ನಡ ಓದುಗ ಇದ್ದಾನೆಯೇ? 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಶುರುವಾಗುವುದೂ ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಮಲೆಯಲ್ಲಿ ನಡೆಯುವುದರಿಂದ. ಆ ದೊಡ್ಡ ಪುಸ್ತಕದ ಜೀವ ಇರುವುದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಕಾಡುದಾರಿಗಳಲ್ಲೇ. ಅತ್ತಿಗುಪ್ಪೆಯಿಂದ ಹಂಪಿನಗರದ ಗ್ರಂಥಾಲಯ ಕಾಲ್ನಡಿಗೆಯ ದೂರ. ಅಮೆರಿಕದಿಂದ ದುಬಾರಿ ಸಾಹಸ ಪುಸ್ತಕ ತರಿಸುವ ಮೊದಲು ಅಲ್ಲಿಗೊಮ್ಮೆ ಹೋಗಿ ಈ ಎರಡನ್ನು ಓದಿ ಎಂದು ನನ್ನ ಗೆಳೆಯ ಡಿಎಂಗಳಿಗೆ ಹೇಳುತ್ತಲೇ ಇರುತ್ತೇನೆ.

ಪುಸ್ತಕದ ಕಾಡಿನಿಂದ ನಿಜವಾದ ಕಾಡಿಗೆ ಬಂದರೆ 'ಖಾಲಿ ನೆಲ' ಎಂಬ ಮಾತು ಇನ್ನೂ ದೊಡ್ಡ ಸುಳ್ಳಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡನ್ನು ಕುಲಗಳ ಯೆಲ್ಲೆಗಳಾಗಿ ಗುರುತಿಸಿಕೊಂಡಿದ್ದಾರೆ. ಯೆಲ್ಲೆಗೊಂದು ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಹೊರಗಿನವರಿಗೆ ಬರೀ ಹಸಿರಾಗಿ ಕಾಣುವ ಬೆಟ್ಟದಲ್ಲಿ ಅವರಿಗೆ ನೂರಾರು ತಾಣಗಳಿವೆ, ದೊಡ್ಡಸಂಪಿಗೆಯಂಥ ಹಿರಿಯ ಮರವೂ ಅವುಗಳಲ್ಲೊಂದು. ಬೇಸಿಗೆ ಬಲಿಯುವ ಮುಂಚೆ ನೆಲದ ಒಣ ಎಲೆಗೆ ಹಗುರವಾಗಿ ಹಚ್ಚುತ್ತಿದ್ದ ತರಗು ಬೆಂಕಿ ಅವರ ಪದ್ಧತಿ. 1970ರ ದಶಕದಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಪೊದೆ ಬೆಟ್ಟ ತುಂಬಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಕಾಡು ಉಳಿಯಬೇಕೆಂದು ಬೆಂಕಿ ಬೇಡವೆನ್ನುವವರೊಂದು ಕಡೆ, ಕಾಡು ಉಳಿಯಬೇಕೆಂದೇ ಬೆಂಕಿ ಬೇಕೆನ್ನುವವರು ಇನ್ನೊಂದು ಕಡೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಇಬ್ಬರಿಗೂ ಕಾರಣವಿರುವ ಇಂಥ ಬಿಕ್ಕಟ್ಟಿನ ನಡುವೆ ಹೊರಗಿನ ನಾಲ್ವರು ಪ್ರಯಾಣಿಕರು ಬಂದು ಸಿಕ್ಕಿಕೊಂಡರೆ ಅವರು ಯಾರ ಮಾತು ಕೇಳಬೇಕು? ಅಲ್ಲಿ ಆಟ ಹುಟ್ಟುತ್ತದೆ.

ಇನ್ನೂ ಸರಳವಾದ ಉದಾಹರಣೆ ಬೇಕೆಂದರೆ ಬಂಡೀಪುರದ ರಸ್ತೆ ಇದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧ. ಗೇಟು ಮುಚ್ಚುವ ಹೊತ್ತಿಗೆ ಬಂದು ನಿಂತವನಿಗೆ ಕಾಡಿಗೂ ಒಂದು ವೇಳೆ ಇದೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ. ಅದೇ ಬಂಡೀಪುರದಿಂದ 1997ರಲ್ಲಿ ವೀರಪ್ಪನ್ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ಅಪಹರಿಸಿ ಎರಡು ವಾರ ಕಾಡಿನಲ್ಲಿ ಇಟ್ಟುಕೊಂಡಿದ್ದ. ಅವರಿಬ್ಬರೂ ಜೀವಂತ ವಾಪಸಾದರು, ಆ ದಿನಗಳನ್ನು ಪುಸ್ತಕ ಮಾಡಿದರು. ಬಂದೂಕು ಹಿಡಿದ ಗುಂಪಿನ ನಡುವೆ ಅವರ ಜೊತೆಗಿದ್ದ ಆಸ್ತಿ ಮಾತು ಮತ್ತು ಕಾಡಿನ ತಿಳಿವಳಿಕೆ. ಕಾಡಿನ ಭೇಟಿಯೆಂದರೆ ಹೊಡೆದಾಟ ಎಂದು ನಂಬಿರುವವರು ಈ ಒಂದು ಘಟನೆಯ ಮುಂದೆ ಸ್ವಲ್ಪ ನಿಲ್ಲಬೇಕು.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಹೊತ್ತಿನದು. ಭಾನುವಾರ ಮೂರು ನಾಲ್ಕು ಗಂಟೆ ಸಿಗುವುದೇ ಕಷ್ಟ; ಒಬ್ಬರು ಕೆಂಗೇರಿಯಿಂದ ಬರಬೇಕು, ಇನ್ನೊಬ್ಬರು ವೈಟ್‌ಫೀಲ್ಡಿನಿಂದ; ಮೆಟ್ರೊ ಇದ್ದರೂ ದಾರಿ ಉದ್ದ. ಆ ಹೊತ್ತನ್ನು ನಡಿಗೆಯಲ್ಲಿ ಕಳೆಯಬೇಕೆ? ಬೇಡ. ನಾನು ಪ್ರತಿ ಹೆಜ್ಜೆಯನ್ನೂ ಆಡಿಸಿ ಎನ್ನುತ್ತಿಲ್ಲ. ಅಕ್ಕಿ ಎಷ್ಟಿದೆ, ಬಾಣ ಎಷ್ಟಿದೆ ಎಂದು ಲೆಕ್ಕ ಬರೆಯುವುದು ನನಗೂ ಬೇಡ. ದಿನಗಳನ್ನು ಧಾರಾಳವಾಗಿ ಹಾರಿಸಿ. ಒಂದು ಕಾಡಿಗೆ ಒಂದೇ ಭೇಟಿ ಇಡಿ, ಅದನ್ನು ಆ ಕಾಡಿನದೇ ಆಗಿ ಕಟ್ಟಿ. ತೋಳಗಳ ಜೊತೆಗಿನ ಎರಡು ಹೊಡೆದಾಟಗಳು ತಿನ್ನುವ ಹೊತ್ತಿಗಿಂತ ಅದಕ್ಕೆ ಕಡಿಮೆ ಸಾಕು.

ಇನ್ನೊಂದು ವಾದ ಸ್ವಾತಂತ್ರ್ಯದ್ದು: ಮೊದಲೇ ಯೋಜಿಸಿದರೆ ಆಟಗಾರರನ್ನು ಹಳಿಯ ಮೇಲೆ ಓಡಿಸಿದಂತೆ, ದಾಳವೇ ನಿಷ್ಪಕ್ಷಪಾತಿ. ನಾನು ಯೋಜಿಸಿ ಎನ್ನುವುದು ಪರಿಸ್ಥಿತಿಯನ್ನು. ಪರಿಹಾರವನ್ನು ಯೋಜಿಸುವವನೇ ಹಳಿ ಹಾಕುವವನು. ಕೊಳದ ಒಡೆಯ ಯಾರು, ಅವನ ಷರತ್ತೇನು ಎಂದು ತಿಳಿದಿರುವ ಡಿಎಂಗೆ ಆಟಗಾರರು ಏನೇ ಮಾಡಿದರೂ ಉತ್ತರವಿರುತ್ತದೆ. ಪಟ್ಟಿಯಿಂದ ತೋಳ ಎತ್ತಿದವನ ಹತ್ತಿರ ಒಂದೇ ಉತ್ತರ, ಅದು ಕಚ್ಚುವುದು. ದಾಳ ಬೇಕೇ ಬೇಕು ಎನ್ನುವವರು ಪಟ್ಟಿಯನ್ನು ತಾವೇ ಬರೆಯಲಿ, ಸಾಲುಸಾಲಿಗೂ ಯಾರು, ಏನು ಮಾಡುತ್ತಿದ್ದಾರೆ, ಅವರಿಗೇನು ಬೇಕು ಎಂಬ ಮೂರನ್ನೂ ಬರೆದಿಡಲಿ. ಪ್ರಯಾಣವನ್ನೇ ಆಟವಾಗಿ ನಡೆಸಿದವರು ಬೇರೆ ದೇಶಗಳಲ್ಲೂ ಇದ್ದಾರೆ. 2011ರಲ್ಲಿ ಮೊದಲು ಬಂದ ದಿ ಒನ್ ರಿಂಗ್ ಎಂಬ ಆಟದಲ್ಲಿ ದಾರಿ ತೋರುವವನು, ಮುಂದೆ ಹೋಗಿ ನೋಡುವವನು, ಬೇಟೆಯಾಡುವವನು, ಕಾವಲು ಕಾಯುವವನು ಎಂದು ತಂಡದವರಿಗೆ ಪ್ರಯಾಣದಲ್ಲೇ ಕೆಲಸ ಹಂಚಿದ್ದಾರೆ. ಅತ್ಸುಹಿರೊ ಒಕಾಡಾ ಅವರ ಜಪಾನಿ ಆಟ ರ್‍ಯೂತಾಮದಲ್ಲಿ ಇಡೀ ಕಥೆಯೇ ಪ್ರಯಾಣ. ಹಾಗಾಗಿ ಇದು ಆಗದ ಮಾತೇನಲ್ಲ.

ಈ ವಾದವನ್ನು ಬರೀ ಮಾತಿನಲ್ಲಿ ಬಿಡಬಾರದೆಂದು ನಾನು ಕಟ್ಟಿದ ಒಂದು ಭೇಟಿಯನ್ನು ಇಲ್ಲಿ ಇಡುತ್ತೇನೆ. ಅತ್ತಿಗುಪ್ಪೆ ಕೂತಿರುವುದು ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ. ಒಂದು ಸಾವನದುರ್ಗದ ಕಡೆಗೆ ಒಯ್ಯುತ್ತದೆ, ಇನ್ನೊಂದು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದ ಕಡೆಗೆ. ನನ್ನ ಕಾಡು ಆ ಬಂಡೆಗುಡ್ಡಗಳ ಕುರುಚಲು ಕಾಡು. ಕಾಲ ಮೊದಲ ಮಳೆಗೆ ಮುಂಚಿನದು. ಎಲೆ ಉದುರಿದೆ, ತರಗಿನ ಮೇಲೆ ಕಾಲಿಟ್ಟರೆ ಫರ್ಲಾಂಗು ದೂರಕ್ಕೆ ಕೇಳುತ್ತದೆ. ತಂಡ ಮೊಹರು ಹಾಕಿದ ಪತ್ರವೊಂದನ್ನು ಗುಡ್ಡದಾಚೆಯ ಪಾಳೆಯಗಾರನಿಗೆ ಮುಟ್ಟಿಸಬೇಕು, ಹಿಂದೆ ಅರ್ಧ ದಿನದ ದೂರದಲ್ಲಿ ಸವಾರರು ಅಟ್ಟಿಕೊಂಡು ಬರುತ್ತಿದ್ದಾರೆ. ನೀರಿರುವುದು ಬಂಡೆಯ ಮೇಲಿನ ಒಂದೇ ದೊಣೆಯಲ್ಲಿ. ದೊಣೆಯ ಮೇಲಿನ ಕಡಿದಾದ ಕಲ್ಲಿನಲ್ಲಿ ಹೆಜ್ಜೇನು ಸಾಲುಸಾಲಾಗಿ ಕಟ್ಟಿವೆ. ಕೆಳಗೆ ಒಂದು ಜೇನು ತೆಗೆಯುವ ಕುಟುಂಬ ಬೀಡುಬಿಟ್ಟಿದೆ. ಅವತ್ತು ಅಮಾವಾಸ್ಯೆ, ರಾತ್ರಿ ಅವರ ಮಗ ಬಳ್ಳಿಯೇಣಿಯಲ್ಲಿ ಇಳಿಯಲಿದ್ದಾನೆ. ಜೇನು ಇಳಿಸುವವರೆಗೆ ದೊಣೆಯ ಹತ್ತಿರ ಬೆಂಕಿ ಇಲ್ಲ, ಲೋಹದ ಸದ್ದಿಲ್ಲ, ಕುದುರೆ ಇಲ್ಲ.

ತಂಡದ ಕುದುರೆಗಳು ಬಾಯಾರಿ ನೊರೆ ಕಕ್ಕುತ್ತಿವೆ. ಮನೆಯ ಹಿರಿಯಳು ದಾರಿಗೆ ಅಡ್ಡ ನಿಂತು, "ಯಾರಪ್ಪಾ ನೀವು, ಯಾರನ್ನ ಕೇಳ್ಕಂಡು ದೊಣೆ ಹತ್ತೀರಿ? ಒಂದು ರಾತ್ರಿ ತಡಕಳ್ಳಿ. ಮೇಲಿರೋನು ನನ್ ಮಗ" ಎನ್ನುತ್ತಾಳೆ. ಅವಳ ಕೈಯಲ್ಲಿ ಆಯುಧವಿಲ್ಲ. ಅವಳನ್ನು ದಬ್ಬಿ ಹೋಗುವ ಬಲ ತಂಡಕ್ಕೆ ಬೇಕಾದಷ್ಟಿದೆ. ಹೋದರೆ ಏನಾಗುತ್ತದೆ ಎಂದು ಮಾಗಡಿಯ ಕಡೆಯ ಹುಡುಗನಿಗೆ ಹೇಳಿಕೊಡಬೇಕಾಗಲಿಲ್ಲ. ಹೆಜ್ಜೇನಿಗೆ ಕತ್ತಿ ಬೀಸಿ ಗೆದ್ದವರಿಲ್ಲ. ಕಾಯ್ದರೆ ಸವಾರರು ಬರುತ್ತಾರೆ. ಮೇಜಿನ ಸುತ್ತ ಆ ಮಧ್ಯಾಹ್ನ ನಡೆದ ವಾದವನ್ನು ನಾನು ಮರೆಯಲಾರೆ. ಕೊನೆಗೆ ಕಬ್ಬಿಣದ ಕವಚದ ಯೋಧ ತುಂಡುತುಂಡಾಗಿ ಕವಚ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, ಬರಿಗಾಲಲ್ಲಿ ಚರ್ಮದ ಚೀಲ ಹಿಡಿದು ಅಜ್ಜಿಯ ಜೊತೆ ನೀರಿಗೆ ಹೋದ. ದಾಳ ಉರುಳಿದ್ದು ಅಲ್ಲಿ, ಚೀಲ ತುಂಬುವಾಗ ಕಲ್ಲು ಜಾರುತ್ತದೋ ಎಂದು ನೋಡಲು. ಎಲ್ಲರೂ ಉಸಿರು ಹಿಡಿದಿದ್ದರು. ಸವಾರರು ನಸುಕಿಗೆ ಬಂದರು, ಗೊರಸಿನ ಸದ್ದು ಮಾಡುತ್ತಾ ಬಂದರು. ಮುಂದಿನದನ್ನು ಹೆಜ್ಜೇನು ನೋಡಿಕೊಂಡಿತು. ಹೊರಡುವಾಗ ಅಜ್ಜಿ ಕೊಟ್ಟ ಮೇಣದ ಉಂಡೆಯೊಂದು ಪಾಳೆಯಗಾರನ ಊರಿನಲ್ಲಿ, ಒಡೆದುಹೋದ ಮೊಹರನ್ನು ಮತ್ತೆ ಹಾಕಲು ಬೇಕಾಯಿತು. ಅದನ್ನು ನಾನು ಯೋಜಿಸಿರಲಿಲ್ಲ, ಆಟಗಾರರೇ ಕಂಡುಕೊಂಡರು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕಾಡಿನಲ್ಲಿ ಜನರಿದ್ದಾರೆ ಎಂದ ಕೂಡಲೇ ಕೆಲವರು ಸೋಲಿಗರನ್ನೋ ಜೇನುಕುರುಬರನ್ನೋ ಹೆಸರು ಸಮೇತ ಎತ್ತಿ ತಂದು ಮಾಯಮಂತ್ರದ ವೇಷ ತೊಡಿಸುತ್ತಾರೆ. ಬದುಕಿರುವ ಸಮುದಾಯಗಳು ನಮ್ಮ ಮೇಜಿನ ಬೊಂಬೆಗಳಲ್ಲ. ಅವರಿಂದ ಕಲಿಯಬೇಕಾದದ್ದು ಕಾಡಿನ ಜೊತೆಗಿನ ನಂಟು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು; ಜನರನ್ನು, ದೇವರನ್ನು, ಹೆಸರುಗಳನ್ನು ನೀವೇ ಹೊಸದಾಗಿ ಹುಟ್ಟಿಸಿಕೊಳ್ಳಿ. ಇದರ ಇನ್ನೊಂದು ತುದಿ ಕಾಡಿನಲ್ಲಿರುವವರೆಲ್ಲ ಹುಟ್ಟಾ ಕೇಡಿಗರು ಎಂಬ ಹಳೆಯ ಚಾಳಿ. ಓರ್ಕ್ ಮತ್ತು ಡ್ರೌ ಎಂಬ ಕುಲಗಳನ್ನು ಇಡಿಯಾಗಿ ಕೆಟ್ಟವರೆಂದು ಚಿತ್ರಿಸಿದ್ದನ್ನು ತಿದ್ದುತ್ತೇವೆಂದು ಆಟದ ಪ್ರಕಾಶಕರೇ 2020ರಲ್ಲಿ ಹೇಳಬೇಕಾಯಿತು. ಹಿಡಿಂಬೆಯನ್ನು ಸೊಸೆ ಮಾಡಿಕೊಂಡ ಕಥೆಯನ್ನು ಕೇಳಿ ಬೆಳೆದ ನಾವು ಅವರಿಗಿಂತ ಮುಂಚೆಯೇ ಹೇಳಬಹುದಿತ್ತು.

ಆದ್ದರಿಂದ ವಿಜಯನಗರ, ಚಂದ್ರಾ ಲೇಔಟ್, ರಾಜಾಜಿನಗರದಲ್ಲಿ ಈ ಆಟ ಆಡಿಸುತ್ತಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ವಾರ ನಿಮ್ಮ ತಂಡ ಕಾಡಿನ ಅಂಚಿಗೆ ಬಂದು ನಿಂತಾಗ ಮೃಗಗಳ ಪಟ್ಟಿಯನ್ನು ಮುಚ್ಚಿಡಿ. ಆ ಕಾಡಿನಲ್ಲಿ ನೀರು ಯಾರದ್ದು, ಇದು ಯಾವ ಕಾಲ, ಅಲ್ಲಿರುವವರಿಗೆ ಇವತ್ತು ಏನು ಬೇಕಾಗಿದೆ ಎಂಬುದನ್ನು ಆಟಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕನ್ನಡದಲ್ಲೇ ಬರೆದುಕೊಳ್ಳಿ.